ಡೀಸೆಲ್ ಲಾರಿ ಎಂಜಿನ್: ವಾರಂಟಿ ಮುಗಿಯುವ ಮುನ್ನಿನ ತಪಾಸಣೆ

ವಾರಂಟಿ ಮುಗಿಯುವ ಮುನ್ನಿನ ತಪಾಸಣೆ ಎಂದರೆ ತಯಾರಕರು ನೀಡಿದ ಅವಧಿಯೊಳಗೆ ಲಾರಿಯ ಎಂಜಿನ್ನನ್ನು ಪರೀಕ್ಷಿಸಿ, ಕಂಡುಬಂದ ದೋಷಗಳನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಲಿಖಿತವಾಗಿ ದಾಖಲಿಸುವ ಕ್ರಮ. ವಾರಂಟಿಗೆ ಸಾಮಾನ್ಯವಾಗಿ ವರ್ಷ ಮತ್ತು ಕಿಲೋಮೀಟರ್ ಎಂಬ ಎರಡು ಮಿತಿಗಳಿರುತ್ತವೆ. ಇವುಗಳಲ್ಲಿ ಯಾವುದು ಮೊದಲು ತುಂಬುವುದೋ ಅಲ್ಲಿಗೆ ಅದು ಕೊನೆಗೊಳ್ಳುತ್ತದೆ.

ಘಟ್ಟದ ದುಡಿಮೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಘಟ್ಟದ ಮೇಲಿವೆ. ಕರಾವಳಿಯಿಂದ ಸರಕು ತರುವ ಲಾರಿಗಳು ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟವನ್ನೋ ಯಲ್ಲಾಪುರ–ಅಂಕೋಲಾ ಹೆದ್ದಾರಿಯ ಅರಬೈಲ್ ಘಟ್ಟವನ್ನೋ ಏರಬೇಕು. ಏರಿನಲ್ಲಿ ಕೆಳಗಿನ ಗೇರಿನಲ್ಲೇ ಸಾಗುವುದರಿಂದ ಕ್ರಮಿಸಿದ ದೂರ ಕಡಿಮೆಯಾದರೂ ಎಂಜಿನ್ ತಿರುಗಿದ ಸುತ್ತುಗಳು ಹೆಚ್ಚು. ಹೀಗಾಗಿ ಘಟ್ಟದ ಲಾರಿಯ ಎಂಜಿನ್ ಮೀಟರಿನ ಅಂಕಿ ಹೇಳುವುದಕ್ಕಿಂತ ಹೆಚ್ಚು ದುಡಿದಿರುತ್ತದೆ. ಬೇಸಿಗೆಯ ಕೆಂಪು ಧೂಳು ಏರ್ ಫಿಲ್ಟರನ್ನು ದಾಟಿದರೆ ಸಿಲಿಂಡರ್ ಮತ್ತು ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ.

ಪರೀಕ್ಷೆಯ ಕ್ರಮ

ಎಂಜಿನ್ ತಣ್ಣಗಿರುವಾಗಲೇ ಪರೀಕ್ಷೆ ಆರಂಭವಾಗಬೇಕು; ಬಿಸಿಯಾದ ಎಂಜಿನ್ ಸ್ಟಾರ್ಟಿಂಗ್ ತೊಂದರೆಯನ್ನು ಮರೆಮಾಚುತ್ತದೆ. ಕಪ್ಪು ಹೊಗೆ ಗಾಳಿಯ ಕೊರತೆಯನ್ನು ಅಥವಾ ಅತಿಯಾದ ಇಂಧನವನ್ನು, ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನು ಸೂಚಿಸುತ್ತದೆ. ಮಲೆನಾಡಿನ ಮಳೆಗಾಲದ ಮುಂಜಾನೆ ಬಿಳಿ ಹಬೆ ಕಾಣುವುದು ಸಹಜ. ಎಂಜಿನ್ ಬಿಸಿಯಾದ ಬಳಿಕವೂ ಅದು ನಿಲ್ಲದಿದ್ದರೆ ಕೂಲಂಟ್ ಸಿಲಿಂಡರಿಗೆ ಸೋರುತ್ತಿರಬಹುದು, ಇಲ್ಲವೇ ಇಂಧನ ಪೂರ್ತಿ ಉರಿಯದಿರಬಹುದು.

ಡೀಸೆಲ್ ಎಂಜಿನ್ನಿನ ಆಯಿಲ್ ಬಹುಬೇಗ ಕಪ್ಪಾಗುತ್ತದೆ, ಅದು ದೋಷವಲ್ಲ. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದರ್ಥ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6 ಮಾನದಂಡದ ಲಾರಿಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧಗೊಳಿಸಿಕೊಳ್ಳುವ ಕ್ರಿಯೆ ಪದೇ ಪದೇ ಅರ್ಧಕ್ಕೆ ನಿಂತರೆ, ಕೆಲವು ಎಂಜಿನ್ನುಗಳಲ್ಲಿ ಡೀಸೆಲ್ ಆಯಿಲಿಗೆ ಸೇರಿ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾಗಿಲ್ಲವೆಂದು ಸಂತೋಷಪಡುವವರು ಇದನ್ನು ಗಮನಿಸುವುದೇ ಇಲ್ಲ. ಸ್ಕ್ಯಾನರಿನಲ್ಲಿ ಕಂಡ ದೋಷಸಂಕೇತಗಳನ್ನು ಅಳಿಸುವ ಮೊದಲು ಅವುಗಳ ಮುದ್ರಿತ ಪ್ರತಿ ಪಡೆಯುವುದು ಒಳಿತು. ಕೊನೆಯದಾಗಿ, ನಿಗದಿತ ಹೊರೆಯೊಂದಿಗೆ ಏರಿನಲ್ಲಿ ಓಡಿಸಿ ಎಳೆತವನ್ನೂ ಉಷ್ಣತೆಯನ್ನೂ ನೋಡಬೇಕು.

ದಾಖಲೆ ಮತ್ತು ಕಾನೂನು

ಮೆಕ್ಯಾನಿಕ್ಕಿಗೆ ಬಾಯಿಮಾತಿನಲ್ಲಿ ಹೇಳಿದ ದೂರು ಅವಧಿ ಮುಗಿದ ಮೇಲೆ ಆಧಾರವಾಗಿ ಉಳಿಯುವುದು ಕಷ್ಟ. ದಿನಾಂಕ, ಕಿಲೋಮೀಟರ್ ಮತ್ತು ದೋಷದ ವಿವರವಿರುವ ಜಾಬ್ ಕಾರ್ಡಿನ ಪ್ರತಿ ಮಾಲೀಕರ ಬಳಿ ಇರಬೇಕು. ಸಕಾಲದಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ರಸೀದಿಗಳೂ ಅದರೊಂದಿಗೆ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಲಾರಿ ಕೊಂಡವರನ್ನು ಗ್ರಾಹಕರೆಂದೇ ಪರಿಗಣಿಸುತ್ತದೆ. ದೂರಿನ ಕಾರಣ ಉಂಟಾದ 2 ವರ್ಷಗಳೊಳಗೆ ಅವರು ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು.