ಹೆಸರಲ್ಲೇ ಇದೆ ಸೂತ್ರದ ಗುಟ್ಟು

ಸೋಡಿಯಂನದು ನೇರ ಸ್ವಭಾವ. ಅದರ ಅಯಾನಿಗೆ ಯಾವಾಗಲೂ ಒಂದೇ ಧನಾವೇಶ. ಕ್ಯಾಲ್ಸಿಯಂಗೆ ಎರಡು. ಇವುಗಳ ಸೂತ್ರ ಬರೆಯಲು ಎಸ್ಸೆಸ್ಸೆಲ್ಸಿ ಮಕ್ಕಳೂ ಹೆದರುವುದಿಲ್ಲ. ತಕರಾರು ಶುರುವಾಗುವುದು ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ನಂಥ ಸಂಕ್ರಮಣ ಲೋಹಗಳು ಬಂದಾಗ. ಕಬ್ಬಿಣ ಒಮ್ಮೆ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಇನ್ನೊಮ್ಮೆ ಮೂರು.

ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ನಾನು ತಿ.ನರಸೀಪುರದಲ್ಲಿ ಸಂಜೆ ಹೊತ್ತು ಟ್ಯೂಷನ್ ಹೇಳುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯೊಬ್ಬಳು ಎರಡೇ ತಿಂಗಳಲ್ಲಿ ಆರ್ಟ್ಸ್‌ಗೆ ಹೋಗುವ ಮಾತಾಡಿದಳು. ನರ್ಸಿಂಗ್ ಓದಬೇಕೆಂಬ ಆಸೆ ಅವಳದು. 'ಐರನ್ ಪಕ್ಕ ಎರಡು ಹಾಕ್ಬೇಕೋ ಮೂರು ಹಾಕ್ಬೇಕೋ, ಅದೆಂಗೆ ಗೊತ್ತಾಯ್ತದೆ ಕನಕ್ಕ?' ಎಂದು ಪುಸ್ತಕ ಮುಚ್ಚಿಬಿಟ್ಟಳು.

ಉತ್ತರ ಹೆಸರಿನಲ್ಲೇ ಇದೆ. ಬರೀ ಐರನ್ ಕ್ಲೋರೈಡ್ ಎಂದರೆ ಅರ್ಧ ವಿಳಾಸ ಕೊಟ್ಟಂತೆ. ಕಂಸದೊಳಗಿನ ರೋಮನ್ ಅಂಕಿ ಲೋಹದ ಆವೇಶವನ್ನು ಹೇಳುತ್ತದೆ, ಪರಮಾಣುಗಳ ಸಂಖ್ಯೆಯನ್ನಲ್ಲ. ಐರನ್ ಮೂರು ಕ್ಲೋರೈಡ್ ಎಂದರೆ ಕಬ್ಬಿಣಕ್ಕೆ ಮೂರು ಧನ. ಕ್ಲೋರೈಡ್‌ಗೆ ಒಂದು ಋಣ. ಲೆಕ್ಕ ಚುಕ್ತಾ ಆಗಲು ಒಂದು ಕಬ್ಬಿಣಕ್ಕೆ ಮೂರು ಕ್ಲೋರೈಡ್ ಬೇಕು. ಐರನ್ ಮೂರು ಆಕ್ಸೈಡ್‌ನಲ್ಲಿ ಆಕ್ಸೈಡ್‌ಗೆ ಎರಡು ಋಣ. ಎರಡೂ ಕಡೆ ಆರು ಬರಬೇಕಾದರೆ ಎರಡು ಕಬ್ಬಿಣ, ಮೂರು ಆಕ್ಸಿಜನ್. ನಮ್ಮ ಕೆಮ್ಮಣ್ಣಿಗೆ ಬಣ್ಣ ಬಂದದ್ದು ಇದರಿಂದಲೇ.

ಟಾರ್ಚ್ ಸೆಲ್ಲಿನ ಕಪ್ಪು ಪುಡಿಯಲ್ಲಿ ಮ್ಯಾಂಗನೀಸ್ ನಾಲ್ಕು ಆಕ್ಸೈಡ್ ಇರುತ್ತದೆ. ಆವೇಶಗಳನ್ನು ಅದಲುಬದಲು ಮಾಡಿದರೆ ಎರಡಕ್ಕೆ ನಾಲ್ಕು ಬರುತ್ತದೆ. ಅದನ್ನು ಒಂದಕ್ಕೆ ಎರಡು ಎಂದು ಇಳಿಸಬೇಕು. ಸಲ್ಫೇಟ್‌ನಂಥ ಗುಂಪು ಒಂದಕ್ಕಿಂತ ಹೆಚ್ಚು ಬಂದರೆ ಇಡೀ ಗುಂಪಿಗೆ ಕಂಸ ಹಾಕಬೇಕು. ಹಳೆಯ ಹೆಸರುಗಳಲ್ಲಿ ಕೊನೆಗೆ 'ಅಸ್' ಬಂದರೆ ಕಡಿಮೆ ಆವೇಶ, 'ಇಕ್' ಬಂದರೆ ಹೆಚ್ಚು. ಆದರೆ ಫೆರಸ್ ಎಂದರೆ ಎರಡು, ಕ್ಯುಪ್ರಸ್ ಎಂದರೆ ಒಂದು. ಆದ್ದರಿಂದ ಆಯಾ ಲೋಹದ ಜೋಡಿಯನ್ನು ನೆನಪಿಡಲೇಬೇಕು.

ಇಷ್ಟನ್ನು ಕನ್ನಡದಲ್ಲೇ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷ್ ಹೆಸರು ಬರೆಸಿದೆ. ಹುಡುಗಿ ವಿಜ್ಞಾನದಲ್ಲೇ ಉಳಿದಿದ್ದಾಳೆ.

ಪರೀಕ್ಷೆಯ ಆಚೆಗೂ ಇದರ ಕೆಲಸವಿದೆ. ಭತ್ತದ ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ಚೀಲದ ಮೇಲೆ ಒಂದರಲ್ಲಿ ಶೇ 21, ಇನ್ನೊಂದರಲ್ಲಿ ಶೇ 33 ಎಂದಿರುತ್ತದೆ. ಜಿಂಕ್‌ನ ಆವೇಶ ಎರಡರಲ್ಲೂ ಎರಡೇ. ಆದರೆ ಮೊದಲನೆಯದರಲ್ಲಿ ಸೂತ್ರವೊಂದಕ್ಕೆ ಏಳು ನೀರಿನ ಅಣು, ಎರಡನೆಯದರಲ್ಲಿ ಒಂದು. ಇದು ತಿಳಿಯದೆ ಅಳತೆ ಹಾಕಿದರೆ ರೈತನ ದುಡ್ಡು ದಂಡ.

ಮೊನ್ನೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಲ್ಯಾಬ್ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. 'ನೂರು ಗ್ರಾಂ ಫೆರಸ್ ಸಲ್ಫೇಟ್‌ನಲ್ಲಿ ಕಬ್ಬಿಣ ಎಷ್ಟಿರುತ್ತೆ?' ಎಂದರು. 'ಹಸಿರು ಹರಳೋ, ನೀರಿಲ್ಲದ ಪುಡಿಯೋ ಸರ್?' ಎಂದೆ. ಹರಳಾದರೆ ಸುಮಾರು 20 ಗ್ರಾಂ, ಪುಡಿಯಾದರೆ ಸುಮಾರು 37. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಕರೆ ಇನ್ನೂ ಬಂದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಒಂದು ಮಾತು. ನೂರು ಸೂತ್ರ ಉರು ಹೊಡೆಯಬೇಡಿ. ಒಂದು ಹಾಳೆಯಲ್ಲಿ ಹದಿನೈದಿಪ್ಪತ್ತು ಅಯಾನು, ಪಕ್ಕದಲ್ಲಿ ಅವುಗಳ ಆವೇಶ ಬರೆದಿಟ್ಟುಕೊಳ್ಳಿ. ನಂಜನಗೂಡಿನ ಬಸ್ ಇಳಿಯುವಷ್ಟರಲ್ಲಿ ಎರಡು ಸಲ ಓದಿ ಮುಗಿಸಬಹುದು.