ಬಾರ್‌ಗೆ ಲೈಸೆನ್ಸ್ ಉಂಟು, ಅಂಗಳಕ್ಕೆ ಉಂಟಾ?

ಎರ್ಮಾಳ್: ಮಳೆ ಬಿಟ್ಟ ಮೇಲೆ ನಮ್ಮ ಕಡೆ ಶಾಮಿಯಾನ ಏಳುವುದು ಮದುವೆ ಮನೆಯ ಮೆಹೆಂದಿಗೆ ಮಾತ್ರ ಅಲ್ಲ. ಹೆದ್ದಾರಿ ಬದಿಯ ಬಾರ್, ಹೋಟೆಲ್‌ಗಳ ಹಿಂದಿನ ಖಾಲಿ ಜಾಗದಲ್ಲೂ ಕುರ್ಚಿ, ಮೇಜು ಬೀಳುತ್ತವೆ. ಆಗ ಪಕ್ಕದ ಮನೆಯವರು ಕೇಳುವ ಪ್ರಶ್ನೆ ಒಂದೇ: ಹೀಗೆ ಹೊರಗೆ ಕೂರಿಸಿ ಕುಡಿಸಲು ಪರ್ಮಿಶನ್ ಉಂಟಾ?

ಹೆಚ್ಚಿನ ಸಲ ಇರುವುದಿಲ್ಲ. ಆದರೆ ಅದಕ್ಕೆ ಕಾರಣ ಜನ ಹೇಳುವ "ಮನೆಯಿಂದ ನೂರು ಮೀಟರ್" ನಿಯಮ ಅಲ್ಲ. 1967ರ ಅಬಕಾರಿ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮದಲ್ಲಿ 100 ಮೀಟರ್ ಅಂತರ ಹೇಳಿರುವುದು ದೇವಸ್ಥಾನ, ಮಸೀದಿ, ಚರ್ಚಿನಂಥ ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆ, ಸರಕಾರಿ ಕಚೇರಿಗಳಿಗೆ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶಕ್ಕೂ ರಕ್ಷಣೆ ಇದೆ. ಉಳಿದ ಮನೆಗಳ ಹೆಸರು ಅದರಲ್ಲಿ ಇಲ್ಲ. ಹಾಗಾಗಿ "ನಮ್ಮ ಮನೆ ಹತ್ತಿರ" ಎಂದಷ್ಟೇ ಬರೆದ ಅರ್ಜಿ ಬೇಗ ಬಿದ್ದು ಹೋಗುತ್ತದೆ.

ಹೆದ್ದಾರಿಯ ಅಂತರದ ಕಥೆ ಬೇರೆ. 2016ರ ಡಿಸೆಂಬರ್ 15ರ ಸುಪ್ರೀಂ ಕೋರ್ಟ್ ಆದೇಶ 500 ಮೀಟರ್ ಎಂದಿತು. ಬಳಿಕ 20 ಸಾವಿರದೊಳಗಿನ ಜನಸಂಖ್ಯೆಯ ಊರುಗಳಿಗೆ 220 ಮೀಟರ್ ಆಯಿತು. 2017ರ ಜುಲೈಯಲ್ಲಿ ನಗರಾಡಳಿತ ವ್ಯಾಪ್ತಿಗೆ ಇದು ಅನ್ವಯಿಸದು ಎಂದು ಸ್ಪಷ್ಟಪಡಿಸಿತು. 2018ರ ಫೆಬ್ರವರಿಯಲ್ಲಿ ಪಂಚಾಯತ್ ಪ್ರದೇಶಗಳ ತೀರ್ಮಾನವನ್ನು ರಾಜ್ಯಗಳಿಗೇ ಬಿಟ್ಟಿತು. ಒಂದೇ ರಾಷ್ಟ್ರೀಯ ಹೆದ್ದಾರಿ 66, ಆದರೆ ಕಾಪು ಪುರಸಭೆಯ ಲೆಕ್ಕ ಬೇರೆ, ಎರ್ಮಾಳಿನ ಪಂಚಾಯತ್‌ಗಳ ಲೆಕ್ಕ ಬೇರೆ ಆದದ್ದು ಹೀಗೆ.

ನೆರೆಯವರ ಕೈಯಲ್ಲಿರುವ ಗಟ್ಟಿ ಅಸ್ತ್ರ ನಕ್ಷೆ. ಬಾರ್ ಆಂಡ್ ರೆಸ್ಟೋರೆಂಟ್‌ಗೆ ಸಿಗುವ ಸಿಎಲ್-9 ಆಗಲಿ, ಲಾಡ್ಜ್ ಇರುವ ಹೋಟೆಲ್‌ನ ಸಿಎಲ್-7 ಆಗಲಿ, ಲೈಸೆನ್ಸ್ ಕೊಡುವುದು ಮಾಲೀಕರ ಇಡೀ ಜಾಗಕ್ಕಲ್ಲ, ಅಬಕಾರಿ ಇಲಾಖೆ ಒಪ್ಪಿದ ನಕ್ಷೆಯೊಳಗಿನ ಜಾಗಕ್ಕೆ. ತೆಂಗಿನ ಮರದ ಬುಡ ಆ ನಕ್ಷೆಯಲ್ಲಿ ಇಲ್ಲದಿದ್ದರೆ ಅಲ್ಲಿ ಒಂದು ಬಿಯರ್ ಇಟ್ಟರೂ ಉಲ್ಲಂಘನೆಯೇ. ವೈನ್ ಶಾಪ್‌ನ ಸಿಎಲ್-2ಕ್ಕೆ ಈ ಅವಕಾಶವೂ ಇಲ್ಲ. ಬಾಟಲಿ ಕೊಟ್ಟು ಕಳಿಸಬೇಕು, ನಿಂತು ಕುಡಿಯಲು ಬಿಡುವಂತಿಲ್ಲ.

ಅಂಗಡಿಯವರು ಇಲ್ಲಿ ಸ್ವಲ್ಪ ಜಾಗ್ರತೆ ಮಾಡಬೇಕು. ಕಬಾಬ್ ಸ್ಟಾಲ್‌ಗೆ ಗಿರಾಕಿ ತಾನೇ ಬಾಟಲಿ ತಂದ, ನಾವು ಕೊಟ್ಟದ್ದು ಬರೇ ಗ್ಲಾಸು, ಸೋಡಾ ಎಂದರೆ ನಡೆಯುವುದಿಲ್ಲ. ಲೈಸೆನ್ಸ್ ಇಲ್ಲದ ಜಾಗದಲ್ಲಿ ಕುಡಿಯಲು ಅನುವು ಮಾಡಿಕೊಟ್ಟದ್ದಕ್ಕೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15(ಎ), 32(3)ರಡಿ ಕೇಸು ಬೀಳುವುದು ಸ್ಟಾಲ್ ಮಾಲೀಕರ ಮೇಲೆ. ಬಾಟಲಿ ಮಾರಿದ ವೈನ್ ಶಾಪ್ ಆರಾಮ!

ಇನ್ನು ಮೆಹೆಂದಿ. ಒಬ್ಬರು ಲೈಸೆನ್ಸ್ ಇಲ್ಲದೆ ಎಷ್ಟು ಮದ್ಯ ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಇನ್ನೂರು ಮಂದಿಗೆ ಬೇಕಾಗುವಷ್ಟು ಆ ಮಿತಿಯೊಳಗೆ ಬರುವುದಿಲ್ಲ. ಇಂಥ ಸಮಾರಂಭಕ್ಕೆಂದೇ ಸಿಎಲ್-5 ಎಂಬ ಸಾಂದರ್ಭಿಕ ಲೈಸೆನ್ಸ್ ಇದೆ. ಹಾಲ್, ಊಟ, ಡಿಜೆಗೆ ಧಾರಾಳ ಸುರಿಯುವವರು ಈ ಒಂದು ಕಾಗದಕ್ಕೆ ಯಾಕೆ ಉದಾಸೀನ ಮಾಡುತ್ತಾರೋ.

ಅದು ಕೈಯಲ್ಲಿದ್ದರೂ ಸದ್ದಿಗೆ ರಿಯಾಯಿತಿ ಸಿಗುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್.

ದೂರು ಯಾರಿಗೆ? ಆ ಕ್ಷಣದ ಗಲಾಟೆಗೆ 112 ಅಥವಾ ಪಡುಬಿದ್ರಿ ಠಾಣೆ. ನಕ್ಷೆ ಮೀರಿದ ಮೇಜುಗಳಿಗೆ ಜಿಲ್ಲಾ ಅಬಕಾರಿ ಉಪ ಆಯುಕ್ತರ ಕಚೇರಿ. ವಾಸಕ್ಕೆಂದು ಕನ್ವರ್ಷನ್ ಆದ ಜಾಗದಲ್ಲಿ ವ್ಯಾಪಾರ ನಡೆಯುತ್ತಿದ್ದರೆ ಗ್ರಾಮ ಪಂಚಾಯತ್‌ಗೂ ತಹಶೀಲ್ದಾರರಿಗೂ ಬರೆಯಬೇಕು. ಜಗಳಕ್ಕೆ ಹೋಗುವ ಮೊದಲು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಬಾರ್‌ನ ಅನುಮೋದಿತ ನಕ್ಷೆಯ ಪ್ರತಿ ಕೇಳಿ. ಅದರ ಜೊತೆ ತಾರೀಖು ಇರುವ ಎರಡು ಫೋಟೋ ಇಟ್ಟು ದೂರು ಕೊಟ್ಟರೆ, ಅಧಿಕಾರಿ ಸ್ಥಳಕ್ಕೆ ಬಂದಾಗ ಅಳೆದು ನೋಡಲು ಏನಾದರೂ ಇರುತ್ತದೆ.