ನಿಮಗಿದು ಗೊತ್ತೆ? ಮರಕ್ಕೆ ನೀರೂಡುವುವು ಮೃತಕೋಶಗಳು!
ಬೇರಿನ ನೀರನ್ನು ಮರದ ತುದಿಯೆಲೆಗೆ ಒಯ್ಯುವ ಕೋಶಗಳು ಆ ಕಾರ್ಯಕ್ಕೆ ತೊಡಗುವುದು ತಾವು ಸತ್ತ ಮೇಲೆಯೇ. ಕ್ಸೈಲಮ್ ಎಂಬ ಈ ದಾರು ಅಂಗಾಂಶದಲ್ಲಿ ನಾಳವಾಗಬೇಕಾದ ಕೋಶವು ಎಳೆತನದಲ್ಲಿ ತನ್ನ ಭಿತ್ತಿಗೆ ಲಿಗ್ನಿನ್ ಎಂಬ ಕಠಿನದ್ರವ್ಯವನ್ನು ಬಳೆಬಳೆಯಾಗಿಯೋ ಸುರುಳಿಯಾಗಿಯೋ ತುಂಬಿಕೊಂಡು, ಬಳಿಕ ತನ್ನೊಳಗಿನ ಜೀವರಸವನ್ನೆಲ್ಲ ತಾನೇ ಕರಗಿಸಿ, ಮೇಲುಕೆಳಗಿನ ಕೋಶಗಳೊಡನಿದ್ದ ಅಡ್ಡಗೋಡೆಗಳನ್ನೂ ಕಳೆದುಕೊಂಡು, ಬರಿದಾದ ಕೊಳವೆಯಾಗಿ ನಿಲ್ಲುತ್ತದೆ. ಸಾಗುವಾನಿಯ ಕೊರಡನ್ನು ಅಡ್ಡಲಾಗಿ ನುಣ್ಣಗೆ ಕೊಯ್ದು ನೋಡಿದರೆ, ವರ್ಷವಲಯಗಳ ಅಂಚಿನಲ್ಲಿ ಸಾಲುಗೊಂಡ ಕಿರುರಂಧ್ರಗಳಾಗಿ ಈ ನಾಳಗಳು ಬರಿಗಣ್ಣಿಗೇ ಗೋಚರಿಸುವುವು.

ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎಳೆಯಲಾರದು. ಕ್ಯಾಲಿಫೋರ್ನಿಯದ ರೆಡ್‌ವುಡ್ ವೃಕ್ಷವಾದರೋ 115 ಮೀಟರ್ ಎತ್ತರದ ಎಲೆಗೂ ಅದನ್ನು ಮುಟ್ಟಿಸುತ್ತದೆ; ಅಲ್ಲಿಯ ವಾಹಕಕೋಶಗಳೂ ಮೃತವಾದುವೇ, ಆದರೆ ನೀರು ಅವುಗಳ ಭಿತ್ತಿಯ ಸೂಕ್ಷ್ಮಗುಳಿಗಳ ಮೂಲಕ ಒಂದರಿಂದೊಂದಕ್ಕೆ ಸಾಗಬೇಕು. ಈ ಎಳೆತಕ್ಕೆ ಮರ ತನ್ನ ಶಕ್ತಿಯನ್ನು ವ್ಯಯಿಸುವುದಿಲ್ಲವೆಂಬುದು ಎಲ್ಲಕ್ಕಿಂತ ಸೋಜಿಗದ ಸಂಗತಿ. ಬಿಸಿಲಿಗೆ ಎಲೆಗಳಿಂದ ನೀರು ಆವಿಯಾದಂತೆಲ್ಲ, ಒಂದನ್ನೊಂದು ಬಿಡದೆ ಹಿಡಿದ ಜಲಾಣುಗಳ ಅವಿಚ್ಛಿನ್ನ ಧಾರೆಯು ಬೇರಿನಿಂದ ಮೇಲಕ್ಕೆ ಸೆಳೆಯಲ್ಪಡುತ್ತದೆಂದು ಡಬ್ಲಿನ್ನಿನ ವಿಜ್ಞಾನಿಗಳಾದ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಪ್ರತಿಪಾದಿಸಿದರು. ತೀವ್ರವಾದ ಬರದಲ್ಲಿ ಎಳೆತ ಮಿತಿಮೀರಿ ಧಾರೆ ತುಂಡಾದರೆ ನಾಳದೊಳಗೆ ಗಾಳಿಗುಳ್ಳೆ ತುಂಬಿಕೊಳ್ಳುತ್ತದೆ; ಆಗ ನೀರು ಪಕ್ಕದ ನಾಳವನ್ನು ಹಿಡಿದು ಸಾಗುತ್ತದೆ.